ಕಿರುಬೆರಳು

ಸಪ್ಪೆ ರೋಗ ಬಂದ ಹುಳು
ಮೊದಲು ಸೊಪ್ಪು ಮುಟ್ಟುವುದನ್ನು ಬಿಡುತ್ತದೆ,
ಆಮೇಲೆ ಮೈಯ ಬಿಗಿಯನ್ನು.
ಸತ್ತ ಮೇಲೆ ಕೆಲವು ಎಲೆಅಡಿಕೆ ಉಗಿದಂತೆ ಕೆಂಪಗಾಗುತ್ತವೆ.
ನಾಲ್ಕನೇ ಜ್ವರ ದಾಟಿ ಮೂರೇ ದಿನ.
ಮಳ್ಳೂರಿನ ಪಿಳ್ಳವೆಂಕಟಪ್ಪ ಅಂಥ ಐದನ್ನು
ಮೊಮ್ಮಗನ ಜಾಮಿಟ್ರಿ ಡಬ್ಬಿಯಲ್ಲಿಟ್ಟು ನನ್ನ ಕೈಗಿತ್ತ:
"ಓದಿದೋಳು ನೀನು. ಇದರ ಹೊಟ್ಟೇಲಿ ಏನಿದೆ ನೋಡಮ್ಮ."

ಹೊಟ್ಟೆಯಲ್ಲಿತ್ತು ಒಂದು ಬ್ಯಾಕ್ಟೀರಿಯಾ.
ಅದು ಉಗುಳುವ ಕಿಣ್ವಕ್ಕೆ ಗೊತ್ತಿರುವುದೊಂದೇ:
ಪ್ರೋಟೀನಿನ ಎಳೆ ಸಿಕ್ಕರೆ ಕತ್ತರಿಸು.
ನಮ್ಮ ಮನೆಯ ಕಸುಬಿಗೆ ತದ್ವಿರುದ್ಧ.

ಶಿಡ್ಲಘಟ್ಟದಲ್ಲಿ ನಮ್ಮದು ನೂಲು ಬಿಚ್ಚುವ ಮನೆ.
ಬೆಳಗಿನ ಐದಕ್ಕೆ ಒಲೆ ಹೊತ್ತಿದರೆ
ಬೀದಿಯಿಡೀ ಬೆಂದ ಪ್ಯೂಪದ ವಾಸನೆ.
ಅಮ್ಮೀ ಕುದಿನೀರಿಗೆ ಬೆರಳಿಳಿಸಿ
ತೇಲುವ ಗೂಡುಗಳ ನಡುವೆ ತುದಿ ಹುಡುಕುತ್ತಾಳೆ,
ಕಣ್ಣು ಬೇರೆಲ್ಲೋ, ಹಾಲಿನವನ ಲೆಕ್ಕದಲ್ಲಿ.
ಸಿಕ್ಕಿದ್ದು ಬೆರಳಿಗೆ ಹೇಗೆ ಗೊತ್ತಾಗುತ್ತೆ ಅಂದರೆ
"ಅದೇ ಬಂದು ಕೂತ್ಕೊಳ್ಳುತ್ತೆ" ಅನ್ನುತ್ತಾಳೆ.

ಹರಳು ಕಟ್ಟಲು ಹದಿನಾಲ್ಕು ತಿಂಗಳು.
ಗಾಜಿನ ಬಿಲ್ಲೆಯಿಂದ ತಲೆಕೆಳಗಾಗಿ ತೂಗುವ ಹನಿ,
ಕೆಳಗೆ ಉಪ್ಪುನೀರು.
ಗುಳಿಗುಳಿಯಲ್ಲೂ ಒಡೆದ ಹಾಲಿನ ಗಸಿ.
ಒಂದರಲ್ಲಿ ಮಾತ್ರ, ಹಬ್ಬದ ರಜೆ ಮುಗಿಸಿ ಬಂದ ಸೋಮವಾರ,
ಕಲ್ಲುಸಕ್ಕರೆಯ ಮರಿಯೊಂದು.
ಉಸಿರಿಗೆ ಕರಗೀತೆಂದು ಬಾಯಿ ಮುಚ್ಚಿಕೊಂಡು ನೋಡಿದೆ.

ಎಕ್ಸ್-ರೇ ಹಾಯಿಸಿದರೆ ಹರಳು ಚುಕ್ಕಿಗಳನ್ನಷ್ಟೇ ಕೊಡುತ್ತದೆ,
ಎದುರುಮನೆ ಪಾಪಕ್ಕ ರಂಗೋಲಿಗೆ ಚುಕ್ಕಿಯಿಟ್ಟು
ಫೋನು ಬಂತೆಂದು ಒಳಗೆ ಹೋದ ಹಾಗೆ.
ಗೆರೆ ಎಳೆಯುವುದು ನಮ್ಮ ಪಾಲು.

ಎಳೆದೆವು. ಎರಡು ದಿಬ್ಬ,
ನಡುವೆ ತಲಕಾಯಲಬೆಟ್ಟದ ಕಣಿವೆಯಂಥ ಸಂದು.
ಸಂದಿನ ತಳದಲ್ಲಿ ಸತುವಿನ ಒಂದೇ ಒಂದು ಪರಮಾಣು.
ಮೂರು ಹಿಸ್ಟಿಡಿನ್ ಅದನ್ನು ಹಿಡಿದಿವೆ.
ನಾಲ್ಕನೆಯದು ಟೈರೋಸಿನ್, ಹೊಸ್ತಿಲಲ್ಲಿ ಕುಂತ ಮುದುಕಿ:
ನೆಂಟರು ಬಂದರೆ ಪಕ್ಕಕ್ಕೆ ಸರಿಯುತ್ತದೆ,
ಸರಿದು ಸುಮ್ಮನಿರದೆ
ಬಂದವರ ಕೈ ಹಿಡಿದುಕೊಳ್ಳುತ್ತದೆ.

ಆದರೆ ನೆಂಟರ ಫೋಟೋ ಸಿಗುವುದಿಲ್ಲ.
ಎಳೆ ಬಂದು ಕೂರುವುದೂ ತುಂಡಾಗುವುದೂ ಒಂದೇ ಉಸಿರು.
ಹಾಗಾಗಿ ಒಂದು ಮೋಸ ಮಾಡಿದೆವು:
ಕತ್ತರಿಗೆ ಮೊನೆಯಾಗಿದ್ದ ಗ್ಲುಟಮೇಟನ್ನು ತೆಗೆದು
ಏನೂ ಬಾರದ ಅಲನಿನನ್ನು ಕೂರಿಸಿದೆವು.
ಕಿಣ್ವ ಹಿಡಿಯಿತು. ಕತ್ತರಿಸಲಿಲ್ಲ. ಹಿಡಿದೇ ಕೂತಿತು.
ನೀಲಿ ಬಲೆಯ ನಕ್ಷೆಯಲ್ಲಿ ಐದು ಕೊಂಡಿಯ ಎಳೆ,
ಸಂದಿನುದ್ದಕ್ಕೂ ನೆಟ್ಟಗೆ,
ಅಮ್ಮೀಯ ಬೆರಳಿಂದ ಚರಕಕ್ಕೆ ಏರುವ ಮೊದಲ ಗೇಣು.

ಫೋನಿನಲ್ಲಿ ತೋರಿಸಿದೆ.
ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿತ್ತು ಅವಳಿಗೆ;
ಊತಕ್ಕೆ ಕೊಟ್ಟ ಮಾತ್ರೆಯಲ್ಲಿದ್ದುದೂ ಇದರ ದಾಯಾದಿಯೇ.
"ಹುಳಾನ ಕೊಂದಿದ್ದು ನನಗೆ ಔಷಧಿಯಾ?"
ಚಿತ್ರವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ,
"ತುದಿ ಚೆನ್ನಾಗಿ ಹಿಡಿದೈತೆ" ಅಂದಳು,
ಹೊಸ ಆಳನ್ನು ಮೆಚ್ಚುವ ದನಿಯಲ್ಲಿ.

ಶನಿವಾರ ರೇಷನ್ ಅಂಗಡಿ.
ಕಾರ್ಡಿನಲ್ಲಿ ಹೆಸರಿದೆ, ಖಮರುನ್ನೀಸಾ. ಬೆರಳು ಬೇಕು.
ಹೆಬ್ಬೆರಳು: ಕೆಂಪು ದೀಪ. ತೋರುಬೆರಳು: ಕೆಂಪು.
ಮೂವತ್ತೊಂದು ವರ್ಷದ ಕುದಿನೀರು
ಗೆರೆಗಳನ್ನು ಒಂದೊಂದಾಗಿ ಬಿಚ್ಚಿಕೊಂಡು ಹೋಗಿದೆ,
ಯಂತ್ರದ ಗಾಜಿಗೆ ಹಿಡಿಯಲು ತುದಿಯೇ ಇಲ್ಲ.
ಹಿಂದೆ ನಿಂತವರು ಚೀಲ ಕೊಡವಿದರು.
ಚೌಡರೆಡ್ಡಿ ಟವೆಲಿನ ಅಂಚಿನಿಂದ ಗಾಜು ಒರೆಸಿ
"ಇನ್ನೊಂದು ಇಡಿ" ಅಂದ. ಎಂಟು ಬೆರಳಾಯಿತು.
ಒಂಬತ್ತನೆಯದು ಎಡಗೈಯ ಕಿರುಬೆರಳು.
ಹಸಿರು.

ಅಕ್ಕಿ ನಾನೆತ್ತಿಕೊಂಡೆ.
ದಾರಿಯುದ್ದಕ್ಕೂ ಅವಳು ಆ ಬೆರಳನ್ನೇ ತಿರುಗಿಸಿ ನೋಡುತ್ತ
"ಇದಕ್ಕೊಂದಕ್ಕೆ ಕೆಲಸ ಬರಲ್ಲ" ಅಂದಳು,
"ನೀರಿಗೆ ಇಳಿಸಿದ್ದೇ ಇಲ್ಲ."